ಚಾರ್ಟ್‌ನಲ್ಲಿ ಜನವರಿಗಿಂತ ಮೊದಲೇ ಏಪ್ರಿಲ್ ಬಂದರೆ ಏನು ಮಾಡಬೇಕು?

ಹನ್ನೆರಡು ತಿಂಗಳ ಅಂಕಿ ಸೇರಿಸಿ ಚಾರ್ಟ್ ಮಾಡಿದ್ದೀರಿ. ಕೆಳಗಿನ ಸಾಲು ನೋಡಿದರೆ ಏಪ್ರಿಲ್, ಆಗಸ್ಟ್, ಡಿಸೆಂಬರ್, ಫೆಬ್ರವರಿ, ಆಮೇಲೆ ಐದನೆಯದಾಗಿ ಜನವರಿ. ಗೆರೆ ಮೇಲೆ ಕೆಳಗೆ ಕುಣಿಯುತ್ತಿದೆ, ಏರಿದ್ದು ಯಾವಾಗ ಇಳಿದಿದ್ದು ಯಾವಾಗ ಒಂದೂ ತಿಳಿಯುವುದಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ, ಅಲ್ಲಿರುವ ಸೆಟ್ಟಿಂಗ್‌ಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡುತ್ತಾರೆ. ಸುಮ್ನೆ ಟೈಮ್ ವೇಸ್ಟ್. ಬಹಳಷ್ಟು ಸಲ ತೊಂದರೆ ಚಾರ್ಟ್‌ನಲ್ಲಿ ಇರುವುದೇ ಇಲ್ಲ, ಅದರ ಹಿಂದಿರುವ ಟೇಬಲ್‌ನಲ್ಲಿ ಇರುತ್ತದೆ.

ನೀವು ಕೊಟ್ಟಿರುವುದು ತಿಂಗಳ ಹೆಸರು. ಅಂದರೆ ಬರೀ ಅಕ್ಷರ. ಜನವರಿ ಆದ ಮೇಲೆ ಫೆಬ್ರವರಿ ಅನ್ನುವುದು ನಮಗೆ ಗೊತ್ತು, ಸಾಫ್ಟ್‌ವೇರ್‌ಗೆ ಹೇಗೆ ಗೊತ್ತಾಗಬೇಕು? ಅದು ಅಕ್ಷರಮಾಲೆ ಹಿಡಿದು ಜೋಡಿಸುತ್ತದೆ. ಹಾಗಾಗಿ ಕೆಳಗೆ ಯಾವ ಟೂಲ್ ಬಗ್ಗೆ ಓದಿದರೂ ಕೆಲಸ ಒಂದೇ: ಹೆಸರು ಬರೀ ತೋರಿಸುವುದಕ್ಕೆ ಇರಲಿ, ಸಾಲು ಹಚ್ಚುವುದಕ್ಕೆ ದಿನಾಂಕವನ್ನೋ ಅಂಕಿಯನ್ನೋ ಕೊಡಿ.

ತಪ್ಪು ಸಾಲನ್ನೇ ಮೊದಲು ಓದಿ

ತಿಂಗಳುಗಳು ಯಾವ ರೀತಿ ತಪ್ಪಾಗಿ ನಿಂತಿವೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಏಪ್ರಿಲ್, ಆಗಸ್ಟ್‌ನಿಂದ ಶುರುವಾಗಿ ಸೆಪ್ಟೆಂಬರ್‌ಗೆ ಮುಗಿದರೆ ಅದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮ. ಇದರಲ್ಲಿ ಹನ್ನೆರಡರಲ್ಲಿ ಒಂದು ತಿಂಗಳೂ ತನ್ನ ಜಾಗದಲ್ಲಿ ಇರುವುದಿಲ್ಲ, ಬೇಕಾದರೆ ಎಣಿಸಿ ನೋಡಿ. ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಹಾಕಿದ್ದರೆ ಗೊಂದಲವೂ ಬೇರೆ ಥರ: ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ, ಜುಲೈ, ಜೂನ್ ಅಂತ ಹೋಗುತ್ತದೆ. ಇಲ್ಲಿ ಜೂನ್ ಅದೃಷ್ಟಕ್ಕೆ ಆರನೇ ಜಾಗದಲ್ಲೂ, ಸೆಪ್ಟೆಂಬರ್ ಎಲ್ಲರಿಗಿಂತ ಕೊನೆಗೂ ಬಂದು ಕೂರುತ್ತವೆ.

1, 10, 11, 12, 2, 3 ಅಂತ ಬಂದರೆ ನೀವು ಅಂಕಿಯನ್ನೇ ಕೊಟ್ಟಿದ್ದೀರಿ, ಆದರೆ ಅದು ಟೆಕ್ಸ್ಟ್ ಆಗಿ ಕೂತಿದೆ. ಅಂಕಿಯಾಗಿ ಬದಲಿಸಿದರೆ ಮುಗಿಯಿತು. ಅದು ಆಗದಿದ್ದರೆ 01, 02 ಅಂತ ಮುಂದೆ ಸೊನ್ನೆ ಹಾಕಿ.

ಎತ್ತರದ ಕಂಬ ಮೊದಲು, ಗಿಡ್ಡ ಕಂಬ ಕೊನೆಗೆ ಇದ್ದರೆ ಚಾರ್ಟ್ ತಿಂಗಳನ್ನು ನೋಡುತ್ತಲೇ ಇಲ್ಲ, ಮೌಲ್ಯ ನೋಡಿ ಜೋಡಿಸಿದೆ. ಅಡ್ಡ ಕಂಬಗಳ ಚಾರ್ಟ್‌ನಲ್ಲಿ ಡಿಸೆಂಬರ್ ಮೇಲೆ, ಜನವರಿ ತಳದಲ್ಲಿ ಇದ್ದರೆ ಡೇಟಾ ಸರಿಯಾಗಿಯೇ ಇದೆ. ಎಕ್ಸೆಲ್ ಅಡ್ಡ ಕಂಬಗಳನ್ನು ಕೆಳಗಿನಿಂದ ಮೇಲಕ್ಕೆ ಬಿಡಿಸುವುದೇ ಹಾಗೆ. ತಿಂಗಳ ಹೆಸರುಗಳಿರುವ ಆಕ್ಸಿಸ್ (ಚಾರ್ಟ್‌ನ ಅಂಚಿನ ಗೆರೆ) ಮೇಲೆ ರೈಟ್ ಕ್ಲಿಕ್ ಮಾಡಿ, ‘ಫಾರ್ಮ್ಯಾಟ್ ಆಕ್ಸಿಸ್’ ಒಳಗೆ ‘ಕ್ಯಾಟಗರೀಸ್ ಇನ್ ರಿವರ್ಸ್ ಆರ್ಡರ್’ ಟಿಕ್ ಹಾಕಿ. ಚಾರ್ಟ್ ಸೆಟ್ಟಿಂಗ್ ಮುಟ್ಟಿದರೆ ನಿಜಕ್ಕೂ ಕೆಲಸ ಆಗುವ ಕೆಲವೇ ಸಂದರ್ಭಗಳಲ್ಲಿ ಇದೂ ಒಂದು.

ಉಳಿದ ಎಲ್ಲ ಸರಿ ಇದ್ದು ಸೆಪ್ಟೆಂಬರ್ ಒಂದೇ ಡಿಸೆಂಬರ್ ಆದ ಮೇಲೆ ಬಂದು ನಿಂತಿದ್ದರೆ? ಅದರ ಕಥೆ ಆಮೇಲೆ ಹೇಳುತ್ತೇನೆ.

ಎಕ್ಸೆಲ್‌ನಲ್ಲಿ

ಮೊದಲು ಸೆಲ್ ಒಳಗೆ ಇರುವುದು ದಿನಾಂಕವೋ ಅಕ್ಷರವೋ ನೋಡಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಅಕ್ಷರ ಸಾಮಾನ್ಯವಾಗಿ ಸೆಲ್‌ನ ಎಡಕ್ಕೆ, ದಿನಾಂಕ ಬಲಕ್ಕೆ ಅಂಟಿಕೊಂಡಿರುತ್ತದೆ. ಆದರೆ ಯಾರಾದರೂ ಅಲೈನ್‌ಮೆಂಟ್ ಬದಲಿಸಿದ್ದರೆ ಈ ಗುರುತು ಕೆಲಸಕ್ಕೆ ಬರುವುದಿಲ್ಲ. ಪಕ್ಕಾ ಬೇಕಂದರೆ ಖಾಲಿ ಸೆಲ್‌ನಲ್ಲಿ ‘ಈಸ್‌ನಂಬರ್’ ಫಂಕ್ಷನ್ ಹಾಕಿ. ಟ್ರೂ ಬಂದರೆ ದಿನಾಂಕ, ಫಾಲ್ಸ್ ಬಂದರೆ ಅಕ್ಷರ. ಯಾಕೆಂದರೆ ಎಕ್ಸೆಲ್ ದಿನಾಂಕವನ್ನು ಒಳಗೆ ಅಂಕಿಯಾಗಿಯೇ ಇಡುತ್ತದೆ: ವಿಂಡೋಸ್‌ನಲ್ಲಿ 1900ರ ಜನವರಿ 1 ಅಂದರೆ 1, 2024ರ ಜನವರಿ 1 ಅಂದರೆ 45292. ಸಾಲು ಹಚ್ಚುವಾಗ ಅದು ನೋಡುವುದು ಈ ಅಂಕಿಯನ್ನು. ನಮಗೆ ಕಾಣುವ ಹೆಸರು ಬರೀ ಮೇಲಿನ ಬಟ್ಟೆ.

ಅಕ್ಷರವೇ ಇದ್ದರೆ ಪಕ್ಕದಲ್ಲಿ ಒಂದು ಹೊಸ ಕಾಲಮ್ ಮಾಡಿ. ಎ2ರಲ್ಲಿ ತಿಂಗಳ ಹೆಸರು ಇಂಗ್ಲಿಷ್‌ನಲ್ಲಿ ಇದೆ ಅಂದುಕೊಳ್ಳಿ. ಹೊಸ ಕಾಲಮ್‌ನಲ್ಲಿ ಹೀಗೆ ಬರೆಯಿರಿ, ಫಂಕ್ಷನ್ ಹೆಸರನ್ನೂ ಎ2 ಅನ್ನುವ ಸೆಲ್ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು:

=ಡೇಟ್‌ವ್ಯಾಲ್ಯೂ("1 " & ಎ2 & " 2024")

ಅಂದರೆ ಒಂದನೇ ತಾರೀಖು, ಆ ತಿಂಗಳು, ಆ ವರ್ಷ ಮೂರನ್ನೂ ಸೇರಿಸಿ ದಿನಾಂಕ ಮಾಡು ಅಂತ. ಬರುವ ಉತ್ತರ 45292 ಥರ ಒಂದು ಅಂಕಿ. ಗಾಬರಿ ಬೇಡ, ಅದೇ ನಮಗೆ ಬೇಕಾಗಿದ್ದು. ಕಂಟ್ರೋಲ್ ಮತ್ತು 1 ಒತ್ತಿ ಫಾರ್ಮ್ಯಾಟ್ ಕಿಟಕಿ ತೆರೆದು, ‘ಕಸ್ಟಮ್’ನಲ್ಲಿ ಎಮ್ ಅಕ್ಷರವನ್ನು ಮೂರು ಸಲ ಹೊಡೆದರೆ ತಿಂಗಳ ಚಿಕ್ಕ ಹೆಸರು ಕಾಣುತ್ತದೆ, ನಾಲ್ಕು ಸಲ ಹೊಡೆದರೆ ಪೂರ್ತಿ ಹೆಸರು. ಈಗ ಈ ಕಾಲಮ್ ಹಿಡಿದು ಟೇಬಲ್ ಸಾರ್ಟ್ ಮಾಡಿ, ಚಾರ್ಟ್‌ಗೂ ಇದನ್ನೇ ಕೊಡಿ. ತಿಂಗಳುಗಳು ತಾವಾಗಿ ಸಾಲಿಗೆ ಬರುತ್ತವೆ.

ಇಲ್ಲಿ ಜಾಸ್ತಿ ಜನ ಎಡವುವ ಜಾಗ ಒಂದಿದೆ. ದಿನಾಂಕ ಸರಿಯಾಗಿಯೇ ಇರುತ್ತದೆ, ಚಾರ್ಟ್‌ನಲ್ಲಿ ಹೆಸರು ಚಂದ ಕಾಣಲಿ ಅಂತ ‘ಟೆಕ್ಸ್ಟ್’ ಫಂಕ್ಷನ್ ಹಾಕಿ ಅದನ್ನು ತಿಂಗಳ ಹೆಸರಿಗೆ ಬದಲಿಸುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು, ದಿನಾಂಕ ಹೋಗಿ ಮತ್ತೆ ಅಕ್ಷರ ಆಯಿತು. ಚಂದ ಮಾಡುವುದಕ್ಕೆ ಫಾರ್ಮ್ಯಾಟ್ ಇದೆ, ಫಂಕ್ಷನ್ ಬೇಡ. ತಿಂಗಳ ಹೆಸರು ಕನ್ನಡದಲ್ಲಿ ಕಾಣಬೇಕು ಅಂದರೂ ಅಷ್ಟೇ, ಕೈಯಿಂದ ಟೈಪ್ ಮಾಡಬೇಡಿ, ಅದೇ ಫಾರ್ಮ್ಯಾಟ್ ಕಿಟಕಿಯ ‘ಡೇಟ್’ ಒಳಗೆ ಲೊಕೇಲ್ (ಭಾಷೆ ಮತ್ತು ದೇಶದ ಸೆಟ್ಟಿಂಗ್) ಬದಲಿಸಿ.

ಟೈಪ್ ಮಾಡುವಾಗಲೂ ಹುಷಾರು. ಅಮೆರಿಕನ್ ದಿನಾಂಕದ ಸೆಟ್ಟಿಂಗ್ ಇರುವ ಎಕ್ಸೆಲ್‌ನಲ್ಲಿ ಜನವರಿ ಅಂತ ಬರೆದು ಪಕ್ಕದಲ್ಲಿ 24 ಹಾಕಿದರೆ ಅದು 2024ರ ಜನವರಿ ಅಂತ ತಿಳಿಯುವುದಿಲ್ಲ, ಈ ವರ್ಷದ ಜನವರಿ 24ನೇ ತಾರೀಖು ಅಂದುಕೊಳ್ಳುತ್ತದೆ. ವರ್ಷಕ್ಕೆ ಯಾವಾಗಲೂ ನಾಲ್ಕು ಅಂಕಿ ಹಾಕಿ.

ದಿನಾಂಕ ಮಾಡುವಷ್ಟು ಪುರುಸೊತ್ತಿಲ್ಲ, ಹೆಸರು ಹೆಸರಾಗಿಯೇ ಇರಲಿ ಅಂದರೆ ಎಕ್ಸೆಲ್‌ನಲ್ಲಿ ಕಸ್ಟಮ್ ಲಿಸ್ಟ್ ಇದೆ. ಪೂರ್ತಿ ಟೇಬಲ್ ಸೆಲೆಕ್ಟ್ ಮಾಡಿ, ‘ಡೇಟಾ’ ಟ್ಯಾಬ್‌ನಲ್ಲಿ ‘ಸಾರ್ಟ್’ ಒತ್ತಿ, ‘ಆರ್ಡರ್’ ಅನ್ನುವ ಕಡೆ ‘ಕಸ್ಟಮ್ ಲಿಸ್ಟ್’ ಆರಿಸಿ. ಅಲ್ಲಿ ತಿಂಗಳುಗಳ ಪಟ್ಟಿ ಮೊದಲೇ ಸಿದ್ಧ ಇರುತ್ತದೆ, ಚಿಕ್ಕ ಹೆಸರಿಗೆ ಒಂದು, ಪೂರ್ತಿ ಹೆಸರಿಗೆ ಒಂದು. ಕನ್ನಡದ ಹೆಸರುಗಳಿದ್ದರೆ ಅಲ್ಲೇ ಹನ್ನೆರಡನ್ನೂ ಕ್ರಮವಾಗಿ ಟೈಪ್ ಮಾಡಿ ಹೊಸ ಪಟ್ಟಿ ಸೇರಿಸಬಹುದು. ಒಂದು ಕಾಲಮ್ ಮಾತ್ರ ಸೆಲೆಕ್ಟ್ ಮಾಡಿ ಸಾರ್ಟ್ ಮಾಡಿದರೆ ಹೆಸರುಗಳು ಓಡಾಡುತ್ತವೆ, ಅಂಕಿಗಳು ಇದ್ದಲ್ಲೇ ಇರುತ್ತವೆ. ಆಮೇಲೆ ಮಾರ್ಚ್‌ನ ಅಂಕಿ ಮೇ ಮುಂದೆ ಕೂತಿರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಎಕ್ಸೆಲ್ ‘ಎಕ್ಸ್‌ಪ್ಯಾಂಡ್ ದಿ ಸೆಲೆಕ್ಷನ್’ ಅಂತ ಕೇಳಿದರೆ ಹೂಂ ಅನ್ನಿ.

ಈಗ ಆ ಸೆಪ್ಟೆಂಬರ್ ಕಥೆ. ಎಕ್ಸೆಲ್‌ನ ಚಿಕ್ಕ ಹೆಸರಿನ ಪಟ್ಟಿಯಲ್ಲಿ ಸೆಪ್ಟೆಂಬರ್‌ಗೆ ಮೂರೇ ಇಂಗ್ಲಿಷ್ ಅಕ್ಷರ. ಎಷ್ಟೋ ಜನ ಬರೆಯುವಾಗ ಕೊನೆಗೆ ಒಂದು ಟಿ ಸೇರಿಸಿ ನಾಲ್ಕು ಮಾಡುತ್ತಾರೆ. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಎಕ್ಸೆಲ್ ಪಟ್ಟಿ ಮುಗಿದ ಮೇಲೆ ಇಡುತ್ತದೆ, ಅಲ್ಲಿಗೆ ಸೆಪ್ಟೆಂಬರ್ ಡಿಸೆಂಬರ್ ದಾಟಿ ಹೋಯಿತು. ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಸ್ಪೇಸ್ ಇದ್ದರೂ ಹೀಗೇ ಆಗುತ್ತದೆ. ‘ಟ್ರಿಮ್’ ಫಂಕ್ಷನ್ ಹಾಕಿದರೆ ಸಾಮಾನ್ಯ ಸ್ಪೇಸ್ ಹೋಗುತ್ತದೆ. ಆದರೆ ವೆಬ್‌ಪುಟದಿಂದ ಕಾಪಿ ಮಾಡಿದ ಡೇಟಾದಲ್ಲಿ ಇನ್ನೊಂದು ಜಾತಿಯ ಸ್ಪೇಸ್ ಇರುತ್ತದೆ, ಕೋಡ್ ನಂಬರ್ 160ರದ್ದು, ಅದಕ್ಕೆ ಟ್ರಿಮ್ ನಾಟುವುದಿಲ್ಲ. ‘ಸಬ್‌ಸ್ಟಿಟ್ಯೂಟ್’ ಫಂಕ್ಷನ್ ಒಳಗೆ ‘ಕ್ಯಾರ್’ 160 ಕೊಟ್ಟು ಅದನ್ನು ತೆಗೆಯಬೇಕು. ಇದೆಯೋ ಇಲ್ಲವೋ ನೋಡುವುದಕ್ಕೆ ‘ಲೆನ್’ ಹಾಕಿ: ಇಂಗ್ಲಿಷ್‌ನಲ್ಲಿ ಮಾರ್ಚ್ ಅಂದರೆ ಐದು ಅಕ್ಷರ, ಉತ್ತರ ಆರು ಬಂದರೆ ಕಳ್ಳ ಸಿಕ್ಕಿದ ಅಂತ.

ಪಿವಟ್ ಟೇಬಲ್ (ದೊಡ್ಡ ಟೇಬಲ್ ಅನ್ನು ಗುಂಪು ಮಾಡಿ ಮೊತ್ತ ತೋರಿಸುವ ಟೇಬಲ್) ಆದರೆ ಹೆಸರಿನ ಗೋಜಿಗೇ ಹೋಗಬೇಡಿ. ದಿನಾಂಕದ ಕಾಲಮ್ ಅನ್ನು ‘ರೋಸ್’ಗೆ ಎಳೆದು, ಯಾವುದಾದರೂ ಒಂದು ದಿನಾಂಕದ ಮೇಲೆ ರೈಟ್ ಕ್ಲಿಕ್ ಮಾಡಿ ‘ಗ್ರೂಪ್’ ಒತ್ತಿ. ‘ಮಂತ್ಸ್’ ಜೊತೆಗೆ ‘ಇಯರ್ಸ್’ ಕೂಡ ಆರಿಸಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಗ್ರೂಪ್ ಮಾಡಲು ಆಗುವುದಿಲ್ಲ ಅಂತ ಎರರ್ ಬಂದರೆ ಆ ಕಾಲಮ್‌ನಲ್ಲಿ ಎಲ್ಲೋ ಒಂದು ಕಡೆ ದಿನಾಂಕದ ಬದಲು ಅಕ್ಷರ ಕೂತಿರುವ ಸಾಧ್ಯತೆ ಜಾಸ್ತಿ, ಈಸ್‌ನಂಬರ್ ಹಾಕಿ ಹುಡುಕಿ. ಹಳೆಯ ಪಿವಟ್‌ಗೆ ಹೊಸ ತಿಂಗಳು ಸೇರಿಸಿ ರಿಫ್ರೆಶ್ ಮಾಡಿದಾಗ ಅದು ಎಲ್ಲೋ ಕೊನೆಗೆ ಬಂದರೆ, ಹಿಂದೆ ಯಾರೋ ಕೈಯಿಂದ ಎಳೆದು ಜೋಡಿಸಿದ್ದಾರೆ ಅಂತ ಲೆಕ್ಕ. ಆ ಫೀಲ್ಡ್ ಮೇಲೆ ರೈಟ್ ಕ್ಲಿಕ್ ಮಾಡಿ ಮತ್ತೆ ಏರಿಕೆ ಕ್ರಮದಲ್ಲಿ ಸಾರ್ಟ್ ಮಾಡಿದರೆ ಸಾಕು.

ಗೂಗಲ್ ಶೀಟ್ಸ್‌ನಲ್ಲಿ

ಇಲ್ಲಿ ಕಸ್ಟಮ್ ಲಿಸ್ಟ್ ಇಲ್ಲ. ಹಾಗಾಗಿ ಮೇಲೆ ಹೇಳಿದ ಡೇಟ್‌ವ್ಯಾಲ್ಯೂ ದಾರಿಯೇ ಗತಿ, ಅದೇ ಫಾರ್ಮುಲಾ ಇಲ್ಲೂ ನಡೆಯುತ್ತದೆ. ಪಿವಟ್‌ನಲ್ಲಿ ದಿನಾಂಕದ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಕ್ರಿಯೇಟ್ ಪಿವಟ್ ಡೇಟ್ ಗ್ರೂಪ್’ ಸಿಗುತ್ತದೆ, ಅದರಲ್ಲಿ ‘ಇಯರ್-ಮಂತ್’ ಆರಿಸಿ. ‘ಕ್ವೆರಿ’ ಫಂಕ್ಷನ್ ಬಳಸುವವರಿಗೆ ಒಂದು ಮಾತು: ಅದರೊಳಗಿನ ‘ಮಂತ್’ ಸೊನ್ನೆಯಿಂದ ಎಣಿಸುತ್ತದೆ, ಜನವರಿ ಅಂದರೆ 0. ಒಂದು ಕೂಡಿಸದಿದ್ದರೆ ಚಾರ್ಟ್ ಪೂರ್ತಿ ಒಂದು ತಿಂಗಳು ಹಿಂದೆ ಸರಿದಿರುತ್ತದೆ, ಸಾಲು ಮಾತ್ರ ಚೊಕ್ಕ ಇರುವುದರಿಂದ ಅನುಮಾನವೂ ಬರುವುದಿಲ್ಲ.

ಫೈಲ್ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಯಾವುದಿದೆ ಅಂತಲೂ ನೋಡಿ. 03/04/2024 ಅನ್ನುವುದು ಒಂದು ಲೊಕೇಲ್‌ನಲ್ಲಿ ಏಪ್ರಿಲ್ 3, ಇನ್ನೊಂದರಲ್ಲಿ ಮಾರ್ಚ್ 4. ತಾರೀಖು 12 ದಾಟಿದರೆ ತಿಂಗಳು ಅಂತ ಓದುವುದಕ್ಕೆ ಆಗುವುದಿಲ್ಲ, ಹಾಗಾಗಿ ಅಂಥವು ಅಕ್ಷರವಾಗಿ ಉಳಿದುಬಿಡುತ್ತವೆ. ಒಂದೇ ಕಾಲಮ್‌ನಲ್ಲಿ ಅರ್ಧ ದಿನಾಂಕ, ಅರ್ಧ ಅಕ್ಷರ ಕಂಡರೆ ಕಾರಣ ಇದೇ. ಎಕ್ಸೆಲ್‌ನಲ್ಲೂ ಇದೇ ತೊಂದರೆ ಇದೆ. ಅಲ್ಲಿ ಫೈಲ್ ತರಿಸಿಕೊಳ್ಳುವಾಗಲೇ ಆ ಕಾಲಮ್ ಅನ್ನು ಟೆಕ್ಸ್ಟ್ ಆಗಿ ಇಟ್ಟುಕೊಂಡು, ಆಮೇಲೆ ‘ಟೆಕ್ಸ್ಟ್ ಟು ಕಾಲಮ್ಸ್’ನ ಮೂರನೇ ಹೆಜ್ಜೆಯಲ್ಲಿ ದಿನ-ತಿಂಗಳು-ವರ್ಷ ಯಾವ ಕ್ರಮದಲ್ಲಿದೆ ಅಂತ ಹೇಳಿ ಬದಲಿಸಿ.

ಪವರ್ ಬಿಐ

ರಿಪೋರ್ಟ್ ಮಾಡುವುದಕ್ಕೆ ಇರುವ ಮೈಕ್ರೋಸಾಫ್ಟ್ ಟೂಲ್ ಇದು. ಇಲ್ಲಿ ಉತ್ತರ ಒಂದೇ ಬಟನ್, ‘ಸಾರ್ಟ್ ಬೈ ಕಾಲಮ್’. ತಿಂಗಳ ಹೆಸರಿನ ಕಾಲಮ್ ಆರಿಸಿ, ‘ಕಾಲಮ್ ಟೂಲ್ಸ್’ನಲ್ಲಿ ಆ ಬಟನ್ ಒತ್ತಿ, ತಿಂಗಳ ನಂಬರ್ ಇರುವ ಕಾಲಮ್ ತೋರಿಸಿ. ಎಕ್ಸೆಲ್‌ನಲ್ಲಿ ಡೇಟಾ ಮಾಡೆಲ್ ಮೇಲೆ ಮಾಡಿದ ಪಿವಟ್‌ಗೂ ಪವರ್ ಪಿವಟ್ ಒಳಗೆ ಇದೇ ಬಟನ್ ಇದೆ.

ಬಟನ್ ಒಂದೇ ಆದರೂ ಎರಡು ಎರರ್ ಕಾಯುತ್ತಿರುತ್ತವೆ. ಮೊದಲನೆಯದು, ಒಂದೇ ಹೆಸರಿಗೆ ಒಂದಕ್ಕಿಂತ ಜಾಸ್ತಿ ನಂಬರ್ ಇದೆ ಅನ್ನುವುದು. ನೀವು ಬರೀ ‘ಜನವರಿ’ ಅನ್ನುವ ಹೆಸರನ್ನು 202401, 202501 ಥರದ ವರ್ಷ ಸೇರಿದ ನಂಬರ್ ಮೇಲೆ ಸಾರ್ಟ್ ಮಾಡಲು ಹೊರಟಿದ್ದೀರಿ. ಜನವರಿ ಒಂದು, ನಂಬರ್ ಎರಡು, ಅದು ಯಾವುದನ್ನು ಹಿಡಿಯಬೇಕು ಹೇಳಿ? ಬರೀ ಹೆಸರಿಗೆ 1ರಿಂದ 12ರ ನಂಬರ್ ಕೊಡಿ. ‘ಜನವರಿ 2024’ ಥರದ ಹೆಸರಿಗೆ ವರ್ಷವನ್ನು 100ರಿಂದ ಗುಣಿಸಿ ತಿಂಗಳು ಕೂಡಿಸಿದ ನಂಬರ್ ಕೊಡಿ.

ಎರಡನೆಯದು ಸರ್ಕ್ಯುಲರ್ ಡಿಪೆಂಡೆನ್ಸಿ. ಹೆಸರಿನ ಕಾಲಮ್‌ನಿಂದಲೇ ಡ್ಯಾಕ್ಸ್ (ಪವರ್ ಬಿಐನ ಫಾರ್ಮುಲಾ ಭಾಷೆ) ಫಾರ್ಮುಲಾ ಹಾಕಿ ನಂಬರ್ ಹುಟ್ಟಿಸಿ, ಮತ್ತೆ ಅದೇ ನಂಬರ್‌ನಿಂದ ಹೆಸರನ್ನು ಸಾರ್ಟ್ ಮಾಡಿ ಅಂದರೆ ಅದು ಒಪ್ಪುವುದಿಲ್ಲ. ನಂಬರ್ ಅನ್ನು ದಿನಾಂಕದ ಕಾಲಮ್‌ನಿಂದ ತೆಗೆಯಿರಿ, ಇಲ್ಲವೇ ಪವರ್ ಕ್ವೆರಿಯಲ್ಲೇ, ಅಂದರೆ ಡೇಟಾ ತರಿಸಿಕೊಂಡು ತಿದ್ದುವ ಭಾಗದಲ್ಲೇ, ಮಾಡಿಕೊಂಡು ಬನ್ನಿ.

ಇಷ್ಟೆಲ್ಲ ಮಾಡಿದ ಮೇಲೂ ಸಾಲು ಬದಲಾಗದಿದ್ದರೆ ಚಾರ್ಟ್‌ನ ಮೂಲೆಯ ಮೂರು ಚುಕ್ಕಿ ಒತ್ತಿ ‘ಸಾರ್ಟ್ ಆಕ್ಸಿಸ್’ ನೋಡಿ. ಅಲ್ಲಿ ಮೌಲ್ಯದ ಮೇಲೆ ಸಾರ್ಟ್ ಆಗಿರುತ್ತದೆ, ತಿಂಗಳಿಗೆ ಬದಲಿಸಿ.

ಕೋಡ್ ಬರೆಯುವವರಿಗೆ

ಪೈಥಾನ್‌ನ ಪಾಂಡಾಸ್‌ನಲ್ಲಿ ‘ಮಂತ್‌ನೇಮ್’ ಮೆಥಡ್ ಕರೆದ ಕ್ಷಣವೇ ದಿನಾಂಕ ಅಕ್ಷರವಾಗುತ್ತದೆ, ಆಮೇಲೆ ‘ಗ್ರೂಪ್‌ಬೈ’ ಮಾಡಿದರೆ ಅದು ತಾನಾಗಿ ಅಕ್ಷರಮಾಲೆ ಪ್ರಕಾರ ಜೋಡಿಸಿ ಕೊಡುತ್ತದೆ. ದಿನಾಂಕವನ್ನು ತಿಂಗಳ ‘ಪೀರಿಯಡ್’ ಆಗಿ ಬದಲಿಸಿ ಗ್ರೂಪ್ ಮಾಡಿ, ಹೆಸರನ್ನು ಚಾರ್ಟ್ ಬಿಡಿಸುವ ಕೊನೆಯ ಸಾಲಿನಲ್ಲಿ ಹಾಕಿ, ನನ್ನ ಪ್ರಕಾರ ಇದೇ ಒಳ್ಳೆಯ ದಾರಿ. ಕೈಗೆ ಬಂದಿದ್ದೇ ಹೆಸರು ಆಗಿದ್ದರೆ ‘ಕ್ಯಾಟಗೊರಿಕಲ್’ ಮಾಡಿ, ಹನ್ನೆರಡು ಹೆಸರನ್ನೂ ಕ್ರಮವಾಗಿ ಕೊಟ್ಟು, ‘ಆರ್ಡರ್ಡ್’ ಅನ್ನು ಟ್ರೂ ಮಾಡಿ. ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷರಗಳನ್ನು ಬಂದ ಕ್ರಮದಲ್ಲೇ ಬಿಡಿಸುತ್ತದೆ, ಅದಕ್ಕೆ ಡೇಟಾ ಮೊದಲೇ ಸರಿ ಇದ್ದರೆ ಸಾಕು.

ಆರ್ ಭಾಷೆಯಲ್ಲಿ ಜಿಜಿಪ್ಲಾಟ್ ಅಕ್ಷರ ಕಂಡರೆ ಅಕ್ಷರಮಾಲೆ ಹಿಡಿಯುತ್ತದೆ. ‘ಫ್ಯಾಕ್ಟರ್’ ಮಾಡಿ ‘ಲೆವೆಲ್ಸ್’ ಕೊಡಬೇಕು. ಹನ್ನೆರಡು ಹೆಸರು ಟೈಪ್ ಮಾಡುವ ಕಷ್ಟ ಇಲ್ಲ, ಪೂರ್ತಿ ಹೆಸರು ಮತ್ತು ಚಿಕ್ಕ ಹೆಸರು ಎರಡರ ಪಟ್ಟಿಯೂ ಆರ್ ಒಳಗೇ ಇದೆ. ಪಾಂಡಾಸ್ ಇರಲಿ ಆರ್ ಇರಲಿ, ಪಟ್ಟಿಗೆ ಹೊಂದದ ಹೆಸರು ಸದ್ದಿಲ್ಲದೆ ಖಾಲಿ ಮೌಲ್ಯ ಆಗಿಬಿಡುತ್ತದೆ. ಮತ್ತೆ ಅದೇ ನಾಲ್ಕಕ್ಷರದ ಸೆಪ್ಟೆಂಬರ್! ಬದಲಿಸಿದ ಮೇಲೆ ಖಾಲಿ ಎಷ್ಟಿದೆ ಅಂತ ಒಂದು ಸಲ ಎಣಿಸಿ.

ಎಸ್‌ಕ್ಯೂಎಲ್‌ನಲ್ಲಿ ಹೆಸರು ತೋರಿಸಿ, ‘ಆರ್ಡರ್ ಬೈ’ಗೆ ವರ್ಷ ಮತ್ತು ತಿಂಗಳ ನಂಬರ್ ಕೊಡಿ. ಅಷ್ಟೇ.

ಎಲ್ಲೂ ದಿನಾಂಕ ಇಡುವುದಕ್ಕೆ ಆಗುವುದಿಲ್ಲ, ಅಕ್ಷರವೇ ಬೇಕು ಅನ್ನುವ ಕಡೆ 2024-01 ಅಂತ ಬರೆಯಿರಿ. 1988ರಲ್ಲಿ ಬಂದ ಐಎಸ್‌ಒ 8601 ಅನ್ನುವ ಸ್ಟ್ಯಾಂಡರ್ಡ್‌ನ ರೀತಿ ಇದು. ದೊಡ್ಡದು ಮೊದಲು, ಚಿಕ್ಕದು ಆಮೇಲೆ ಇರುವುದರಿಂದ ಅಕ್ಷರವಾಗಿ ಜೋಡಿಸಿದರೂ ಕಾಲದ ಕ್ರಮ ತಪ್ಪುವುದಿಲ್ಲ. ಅದನ್ನೇ 01-2024 ಅಂತ ಬರೆದರೆ ಎರಡು ವರ್ಷದ ಜನವರಿಗಳು ಅಕ್ಕಪಕ್ಕ ಬಂದು ಕೂರುತ್ತವೆ.

ಸಾಲು ಸರಿ, ಚಾರ್ಟ್ ತಪ್ಪು

ಜನವರಿಯಿಂದ ಡಿಸೆಂಬರ್‌ವರೆಗೆ ಸಾಲು ಚೆನ್ನಾಗಿ ಬಂತು ಅಂತ ಅಲ್ಲಿಗೇ ಬಿಡಬೇಡಿ. ಡೇಟಾ ಎರಡು ವರ್ಷದ್ದಾಗಿದ್ದು ನೀವು ಬರೀ ತಿಂಗಳ ಹೆಸರಿನ ಮೇಲೆ ಗ್ರೂಪ್ ಮಾಡಿದ್ದರೆ, ಎರಡೂ ಜನವರಿಗಳು ಸೇರಿ ಒಂದು ಕಂಬ ಆಗಿರುತ್ತವೆ. ಅದರಲ್ಲೂ ಎರಡನೇ ವರ್ಷ ಜೂನ್‌ಗೆ ನಿಂತಿದ್ದರೆ ಮೊದಲ ಆರು ಕಂಬ ಎತ್ತರ, ಉಳಿದ ಆರು ಗಿಡ್ಡ ಕಾಣುತ್ತವೆ. ನೋಡಿದವರು ಜುಲೈನಿಂದ ವ್ಯವಹಾರ ಬಿದ್ದೇಹೋಯಿತು ಅಂದುಕೊಳ್ಳುತ್ತಾರೆ. ಏಪ್ರಿಲ್ ಮೊದಲು ಬಂದಿದ್ದರೆ ಯಾರಾದರೂ ಹಿಡಿಯುತ್ತಿದ್ದರು, ಇದನ್ನು ಹಿಡಿಯುವುದು ಕಷ್ಟ, ಅಲ್ವಾ? ಪಿವಟ್‌ನಲ್ಲಿ ವರ್ಷವನ್ನೂ ಆರಿಸಿ ಅಂದಿದ್ದು ಇದಕ್ಕೇ. ವರ್ಷ ವರ್ಷಕ್ಕೆ ಹೋಲಿಸಬೇಕಾದರೆ ಒಂದೊಂದು ವರ್ಷಕ್ಕೆ ಬೇರೆ ಗೆರೆ ಹಾಕಿ.

ಇನ್ನೊಂದು, ಮಧ್ಯದಲ್ಲಿ ಕಾಣೆಯಾದ ತಿಂಗಳು. ಮೇ ತಿಂಗಳ ಡೇಟಾನೇ ಇಲ್ಲದಿದ್ದರೆ ಅಕ್ಷರದ ಆಕ್ಸಿಸ್ ಏಪ್ರಿಲ್ ಪಕ್ಕಕ್ಕೆ ಜೂನ್ ತಂದು ಕೂರಿಸುತ್ತದೆ. ಎಕ್ಸೆಲ್‌ನ ಡೇಟ್ ಆಕ್ಸಿಸ್ ಆದರೆ ಮೇ ಜಾಗವನ್ನು ಬಿಟ್ಟೇ ಬಿಡಿಸುತ್ತದೆ, ಟೇಬಲ್ ಸಾರ್ಟ್ ಆಗಿರದಿದ್ದರೂ ಕಾಲದ ಕ್ರಮಕ್ಕೆ ತಾನೇ ತರುತ್ತದೆ. ‘ಫಾರ್ಮ್ಯಾಟ್ ಆಕ್ಸಿಸ್’ನಲ್ಲಿ ‘ಆಕ್ಸಿಸ್ ಟೈಪ್’ ನೋಡಿ ಬದಲಿಸಿಕೊಳ್ಳಿ. ಬೇರೆ ಟೂಲ್‌ಗಳಲ್ಲಿ ಎಲ್ಲ ತಿಂಗಳೂ ಇರುವ ಒಂದು ಕ್ಯಾಲೆಂಡರ್ ಟೇಬಲ್ ಮಾಡಿ ಅದಕ್ಕೆ ಡೇಟಾ ಜೋಡಿಸಿ. ಖಾಲಿ ತಿಂಗಳಿಗೆ 0 ಹಾಕುವ ಮೊದಲು ಯೋಚಿಸಿ: ಏನೂ ಆಗಲಿಲ್ಲ ಅಂದರೆ 0, ಲೆಕ್ಕವೇ ಸಿಕ್ಕಿಲ್ಲ ಅಂದರೆ ಖಾಲಿ.

ಲೆಕ್ಕದ ವರ್ಷ ಜನವರಿಗೆ ಶುರುವಾಗದಿದ್ದರೆ ತಿಂಗಳ ನಂಬರ್‌ನಿಂದ ಶುರುವಿನ ತಿಂಗಳ ನಂಬರ್ ಕಳೆದು, 12ರಿಂದ ಭಾಗಿಸಿದ ಶೇಷಕ್ಕೆ 1 ಕೂಡಿಸಿ. ಏಪ್ರಿಲ್‌ಗೆ ಶುರುವಾಗುವ ವರ್ಷದಲ್ಲಿ ಏಪ್ರಿಲ್ 1 ಆಗುತ್ತದೆ, ಜನವರಿ 10, ಮಾರ್ಚ್ 12. ಎಕ್ಸೆಲ್‌ನ ‘ಮಾಡ್’ ಮತ್ತು ಪೈಥಾನ್ ಇದನ್ನು ಸರಿಯಾಗಿ ಕೊಡುತ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ ಮೈನಸ್ ಸಂಖ್ಯೆಯ ಶೇಷವೂ ಮೈನಸ್ ಬರುತ್ತದೆ, ಹಾಗಾಗಿ ಭಾಗಿಸುವ ಮೊದಲೇ 12 ಕೂಡಿಸಿಕೊಳ್ಳಿ.

ಎಲ್ಲ ಮುಗಿದ ಮೇಲೆ ಚಾರ್ಟ್‌ನಲ್ಲಿ ಯಾವುದಾದರೂ ಎರಡು ತಿಂಗಳ ಮೇಲೆ ಮೌಸ್ ಇಟ್ಟು ಅಂಕಿ ನೋಡಿಕೊಳ್ಳಿ. ಮೂಲ ಟೇಬಲ್‌ನಲ್ಲಿ ಅದೇ ತಿಂಗಳು, ಅದೇ ವರ್ಷಕ್ಕೆ ಫಿಲ್ಟರ್ ಹಾಕಿದಾಗ ಬರುವ ಮೊತ್ತಕ್ಕೆ ಅದು ತಾಳೆಯಾದರೆ ಚಾರ್ಟ್ ಕಳಿಸಿ. ಆಗದಿದ್ದರೆ ಹೆಸರುಗಳು ಮಾತ್ರ ಓಡಾಡಿವೆ, ಅಂಕಿಗಳು ಹಳೆ ಜಾಗದಲ್ಲೇ ಉಳಿದಿವೆಯಾ ಅಂತ ಮೊದಲು ನೋಡಿ.